ಕಂಡ ಮೇಲೆ ಕತ್ತರಿ

ಪುಟ್ಟಿ,

ಟಮಕದ ದೇವರಾಜ ಅರಸು ಮೆಡಿಕಲ್ ಕಾಲೇಜಿನಲ್ಲಿ ನಿನಗೆ ಸೀಟು ಸಿಕ್ಕಿತು ಅಂತ ನರಸಾಪುರದ ಮನೆಯಲ್ಲಿ ಎಲ್ಲರೂ ಸಿಹಿ ಹಂಚಿದರು. ಬಹಳ ವರ್ಷ ಕತ್ತಿನ ಆಪರೇಷನ್ ಮಾಡಿದ ನಿನ್ನ ತಾತ ಕೊಡುವುದು ಒಂದೇ ಮಾತು: ನರ ಕಣ್ಣಿಗೆ ಬೀಳುವವರೆಗೂ ಕತ್ತರಿ ಹಾಕಬೇಡ.

ಹೋದ ತಿಂಗಳು ಪಕ್ಕದ ತೋಟದಲ್ಲಿ ಜೆಸಿಬಿಯವನು, "ಕೇಬಲ್ ಬದುವಿನ ಪಕ್ಕಾನೇ ಹೋಗಿರುತ್ತೆ ಸಾರ್" ಅಂತ ಗುಂಡಿ ತೋಡಿದ. ಬೋರ್‌ವೆಲ್ ಕೇಬಲ್ ತುಂಡಾಯಿತು. ಹತ್ತು ತೋಟದಲ್ಲಿ ಬದುವಿನ ಪಕ್ಕವೇ ಇತ್ತು, ಹನ್ನೊಂದನೆಯದರಲ್ಲಿ ಇರಲಿಲ್ಲ. ಕೇಬಲ್ಲಿಗೆ ಜಾಯಿಂಟ್ ಹಾಕಿದರೆ ಮೋಟರ್ ಓಡುತ್ತದೆ. ನರಕ್ಕೂ ಹೊಲಿಗೆ ಹಾಕಬಹುದು, ಆದರೆ ಅದು ಮೊದಲಿನಂತಾಗುವುದು ಅಪರೂಪ.

ಮುಖದ ನರ ಕಿವಿಯ ಮುಂದಿನ ಪೆರೋಟಿಡ್ ಗ್ರಂಥಿಯಲ್ಲಿ ಐದು ಕವಲಾಗುತ್ತದೆ ಅಂತ ಬಾಯಿಪಾಠ ಮಾಡುತ್ತೀಯ. 1956ರಲ್ಲಿ ಡೇವಿಸ್ ಮತ್ತು ಜೊತೆಗಾರರು 350 ಅರ್ಧಮುಖಗಳನ್ನು ಬಿಡಿಸಿ ನೋಡಿದಾಗ, ಕವಲೊಡೆಯುವ ರೀತಿಯಲ್ಲೇ ಆರು ಬಗೆ ಕಂಡವು.

ನಮ್ಮ ಕಡೆ ಹೊಗೆಸೊಪ್ಪು ಕೆನ್ನೆಯಲ್ಲಿಟ್ಟುಕೊಂಡೇ ಮಲಗುವ ಅಜ್ಜಿಯರನ್ನು ನೋಡಿದ್ದೀಯಲ್ಲ? ಅಂಥವರ ಬಾಯಿ ಕ್ಯಾನ್ಸರಿಗೆ ಕತ್ತಿನ ಗಂಟು ತೆಗೆಯುವಾಗ ಇದೇ ಮುಖದ ನರದ ದವಡೆಯಂಚಿನ ಕವಲು ಎದುರಾಗುತ್ತದೆ. 1962ರಲ್ಲಿ ಡಿಂಗ್‌ಮನ್ ಮತ್ತು ಗ್ರ್ಯಾಬ್ ಕೊಟ್ಟ ಲೆಕ್ಕ ಹೀಗಿದೆ: ಮುಖದ ಅಪಧಮನಿಯ ಹಿಂಭಾಗದಲ್ಲಿ ಅದು ನೂರಕ್ಕೆ 81ರಲ್ಲಿ ದವಡೆಯ ಅಂಚಿಗಿಂತ ಮೇಲಿತ್ತು, 19ರಲ್ಲಿ ಕೆಳಗೆ, ಒಂದು ಸೆಂಟಿಮೀಟರಿನವರೆಗೂ. ಅದು ತುಂಡಾದರೆ ಅಜ್ಜಿ ನಕ್ಕಾಗ ತುಟಿ ಸೊಟ್ಟ.

ಥೈರಾಯ್ಡ್ ಹಿಂದಿನ ಧ್ವನಿಯ ನರದ್ದು ಇನ್ನೊಂದು ಕತೆ. ಅದು ಎದೆಗೂಡಿನ ಹತ್ತಿರದವರೆಗೆ ಇಳಿದು, ರಕ್ತನಾಳವೊಂದನ್ನು ಬಳಸಿ ಮತ್ತೆ ಮೇಲೇರುತ್ತದೆ. ಎಲ್ಲೋ ನೂರಕ್ಕೊಬ್ಬರಲ್ಲಿ ಬಲಗೈಗೆ ಹೋಗುವ ಆ ರಕ್ತನಾಳವೇ ಹುಟ್ಟಿನಿಂದ ಎಡಕ್ಕೆ ಸರಿದು, ಅನ್ನನಾಳದ ಹಿಂದಿನಿಂದ ಬಂದಿರುತ್ತದೆ. ಬಳಸಲು ನಾಳವಿಲ್ಲದ ಬಲಬದಿಯ ನರ ನೇರವಾಗಿ ಅಡ್ಡ ಹಾಯುತ್ತದೆ. ಸ್ಟೆಡ್‌ಮನ್ ಇದನ್ನು 1823ರಲ್ಲೇ ಬರೆದಿಟ್ಟ. ಕೆಳಗಿನಿಂದ ಬರುತ್ತದೆಂದು ಕಾದು ಕೂತರೆ, ಅಡ್ಡ ಬಂದದ್ದನ್ನು ದಾರವೆಂದು ಕಡಿದಿರುತ್ತೇವೆ.

ಮೊದಲ ವರ್ಷ ಡಿಸೆಕ್ಷನ್ ಹಾಲಿನಲ್ಲಿ ನಾನೂ ಒಂದು ಬಿಳಿ ಎಳೆಯನ್ನು ಬರೀ ಪೊರೆ ಅಂತ ಕಿತ್ತೆಸೆದೆ. ಮೇಷ್ಟ್ರು ಬೈಯಲಿಲ್ಲ. ಅದರ ಎರಡು ತುದಿಯನ್ನೂ ಚಿಮಟದಲ್ಲಿ ಎತ್ತಿ ಹಿಡಿದು ಕೇಳಿದರು: "ಇದು ಇಲ್ಲಿರಬಾರದು ಅಂತ ಮೇಜಿನ ಮೇಲೆ ಮಲಗಿರುವ ಇವರಿಗೆ ಯಾರು ಹೇಳಿದ್ದರಪ್ಪಾ?"

ದೇಹದಾನ ಮಾಡಿ ಮಲಗಿದವರ ಕತ್ತನ್ನು ಎರಡೂ ಬದಿ ಬಿಡಿಸಿ ನೋಡು. ಎಡಕ್ಕೂ ಬಲಕ್ಕೂ ಹೊಂದದಿದ್ದರೆ ಪುಸ್ತಕದ ಚಿತ್ರದ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಬರೆದುಕೋ. ಸಂಜೆ ಫೋನ್ ಮಾಡಿ ನನಗೂ ಹೇಳು.