ಲಕ್ಕಮ್ಮನ ಅಳತೆ: ಗೃಹಸ್ಥರ ಅಡುಗೆಮನೆಯಲ್ಲಿ ಕಾಯಕ-ದಾಸೋಹ

ಅಡುಗೆಮನೆಯ ಲೆಕ್ಕವು ಲೌಕಿಕವೆಂದೂ ವಚನಾರ್ಥಚಿಂತನೆಯು ಪಾರಮಾರ್ಥಿಕವೆಂದೂ ಬೇರೆ ಬೇರೆಯಾಗಿ ಎಣಿಸುವುದು ಅನೇಕರ ರೂಢಿ. ಶರಣರ ಮತವು ಹಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದ ಒಂದು ದೊಡ್ಡ ತತ್ತ್ವವಿಚಾರವು ಒಲೆಯ ಮುಂದೆಯೇ, ಒಂದು ಹಿಡಿ ಅಕ್ಕಿಯನ್ನು ಕುರಿತೇ ನಡೆಯಿತು. ಅದನ್ನು ನಡೆಸಿದವಳು ಆಯ್ದಕ್ಕಿ ಲಕ್ಕಮ್ಮ.

ಕಥೆಯು ಸದ್ಭಕ್ತರೆಲ್ಲರೂ ಬಲ್ಲುದೇ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಮಾರಯ್ಯ-ಲಕ್ಕಮ್ಮ ದಂಪತಿಗಳು ಕಲ್ಯಾಣಕ್ಕೆ ಬಂದರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಇಬ್ಬರ ನೇಮ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಲೆಯ ಬಳಿಗೆ ಸೇರಿಸದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದಳು. ಇನ್ನೊಂದು ಸಂದರ್ಭದಲ್ಲಿ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತಿರಲು, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವಳೂ ಅವಳೇ.

ಈ ಕಥೆಯನ್ನು ನಿರಾಶೆಯ ನಿದರ್ಶನವೆಂದು ವ್ಯಾಖ್ಯಾನಿಸುವುದುಂಟು. ಅದು ಯುಕ್ತವೇ. ಆದರೆ ಅದರಲ್ಲಿ ಅಡಗಿರುವ ಒಂದು ಸಣ್ಣ ಪ್ರಶ್ನೆಯನ್ನು ಕೇಳುವವರು ವಿರಳ. ಅಂದಿನ ಅಕ್ಕಿ ಹೆಚ್ಚಾಯಿತೆಂಬುದು ಲಕ್ಕಮ್ಮನಿಗೆ ತಿಳಿದುದು ಹೇಗೆ? ನಿತ್ಯವೂ ತನ್ನ ಮನೆಗೆ ಎಷ್ಟು ಬೇಕು, ಬರುವ ಜಂಗಮಕ್ಕೆ ಎಷ್ಟು ಬೇಕು ಎಂಬ ಅಳತೆಯನ್ನು ಅವಳು ಬಲ್ಲವಳಾಗಿದ್ದಳು. ಅಳತೆಯನ್ನರಿಯದ ಕೈಗೆ ಹೆಚ್ಚೂ ತಿಳಿಯದು, ಕಡಿಮೆಯೂ ತಿಳಿಯದು. ಹೆಚ್ಚಾದಾಗ ಹಿಂದಿರುಗಿಸಿದುದೂ ಕಡಿಮೆಯಾಗುವ ಮುನ್ನ ಎಚ್ಚರಿಸಿದುದೂ ಒಂದೇ ಅಳತೆಯ ಎರಡು ಮುಖಗಳು. 'ಮಿತ'ವೆಂಬ ಶಬ್ದವೇ ಅಳೆಯುವುದೆಂಬ ಅರ್ಥವುಳ್ಳ 'ಮಾ' ಧಾತುವಿನಿಂದ ಹುಟ್ಟಿದುದು. ಮಿತವೆಂದರೆ ಅಳೆದುದು, ಸ್ವಲ್ಪವೆಂದು ಮಾತ್ರ ಅರ್ಥವಲ್ಲ.

ಇದು ಜಿಪುಣತನವನ್ನು ಧರ್ಮದ ಹೆಸರಿನಿಂದ ಸಮರ್ಥಿಸಿದಂತಾಗಲಿಲ್ಲವೇ ಎಂದು ಯಾರಾದರೂ ಶಂಕಿಸಬಹುದು. ಸಮಾಧಾನವೇನೆಂದರೆ, ಜಿಪುಣನು ಉಳಿಸುವುದು ತನ್ನ ಪೆಟ್ಟಿಗೆಗಾಗಿ. ಲಕ್ಕಮ್ಮನ ಪೆಟ್ಟಿಗೆಯಲ್ಲಿ ಏನೂ ಉಳಿಯಲಿಲ್ಲ. ಅದೇ ಸ್ವಲ್ಪ ಅಕ್ಕಿಯಿಂದ ಅವಳು ಅಸಂಖ್ಯಾತ ಜಂಗಮಗಳನ್ನು ತಣಿಸಿದಳೆಂದು ಪುರಾಣಗಳು ಕೊಂಡಾಡುತ್ತವೆ. ಜಿಪುಣನ ಮನೆಯ ಪಂಕ್ತಿಯಲ್ಲಿ ಅಷ್ಟು ಜನ ಕುಳಿತ ಕಥೆಯನ್ನು ಯಾವ ಪುರಾಣವೂ ಹೇಳಿಲ್ಲ.

ಇದಕ್ಕೆ ಶಾಸ್ತ್ರಾಧಾರವೂ ಉಂಟು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅಟ್ಟ ಅನ್ನವು ಲಿಂಗಾರ್ಪಿತವಾಗುವ ಮುನ್ನ ಪದಾರ್ಥ. ಅರ್ಪಿತವಾದ ಬಳಿಕ ಪ್ರಸಾದ. ಆದುದರಿಂದಲೇ ಹಿರಿಯರು ತಟ್ಟೆಯಲ್ಲಿ ಅಗುಳನ್ನೂ ಉಳಿಸದೆ, ತಟ್ಟೆಯನ್ನು ತೊಳೆದ ನೀರನ್ನೂ ಕುಡಿಯುತ್ತಿದ್ದರು. ಹೀಗಿರಲು, ಮನೆಯವರು ಉಣ್ಣಲಾರದಷ್ಟು ಅಟ್ಟು, ಅರ್ಪಿಸಿ, ಮರುದಿನ ಹಳಸಿತೆಂದು ಕೊಟ್ಟಿಗೆಗೆ ಹಾಕುವುದು ಹೇಗೆ ಸರಿಯಾದೀತು? ತಟ್ಟೆಯಲ್ಲಿ ಬಿಡಬಾರದೆಂಬ ನೇಮವನ್ನು ಪಾಲಿಸಬೇಕಾದರೆ ಪಾತ್ರೆಗೆ ಸುರಿಯುವ ಮುನ್ನವೇ ಅಳೆಯಬೇಕು. ನೇಮವು ಆರಂಭವಾಗುವುದು ಜೋಳದ ಡಬ್ಬಿಯ ಬಳಿಯಲ್ಲಿ.

ಇನ್ನು ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಮನೆಗಳ ಮಾತು. ಮಳೆಯನ್ನೇ ನೆಚ್ಚಿದ ಈ ನಾಡಿಗೆ ಅಳತೆಯನ್ನು ಕಲಿಸಿದುದು ಬರಗಾಲ. 1876-78ರ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಆಗಿನ ಬಳ್ಳಾರಿ ಜಿಲ್ಲೆಯು ಬಹಳವಾಗಿ ಬೆಂದಿತು. ಹಗೇವಿನಲ್ಲಿ ಜೋಳವನ್ನು ತುಂಬಿ ಮಣ್ಣು ಮುಚ್ಚುವುದು, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಕಾಳಿನ ನಡುವೆ ಬೇವಿನ ಎಲೆಯನ್ನಿಡುವುದು, ಇವೆಲ್ಲ ಬರಕ್ಕೆ ಅಂಜಿದ ಹಿರಿಯರ ಜಾಣ್ಮೆ. ಅವರ ಊಟವು ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ನವಣೆಯ ಅನ್ನ, ಹುರುಳಿಯ ಕಟ್ಟಿನ ಸಾರು, ಪುಂಡಿಯ ಪಲ್ಯ, ಗುರೆಳ್ಳಿನ ಪುಡಿ, ಮಜ್ಜಿಗೆ. ಇದು ಬಡವರ ಊಟವೆಂದು ಹೀಗಳೆಯುವವರು ಮೋಳಿಗೆ ಮಾರಯ್ಯನನ್ನು ನೆನೆಯಬೇಕು. ಕಾಶ್ಮೀರದ ಅರಸುತನವನ್ನು ತೊರೆದು ಬಂದು ಸೌದೆ ಮಾರಿ ಬದುಕಿದ ಆ ಶರಣನ ಮನೆಯಲ್ಲಿ ನೀಡುತ್ತಿದ್ದುದು ಅಂಬಲಿ. ಅದರ ರುಚಿಯ ಕೀರ್ತಿಯನ್ನು ಕೇಳಿ ಬಸವಣ್ಣನವರೇ ವೇಷ ಮರೆಸಿಕೊಂಡು ಬಂದು ಸವಿದರೆಂದು ಕಥೆ.

ಈಗ ಕಾಲ ಬದಲಾಗಿದೆ. ಹೊಲಗಳನ್ನು ಮೆಕ್ಕೆಜೋಳವು ಬಹಳವಾಗಿ ಆವರಿಸಿದೆ. ಅದು ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುವ ಬೆಳೆ. ಮನೆಯ ತಟ್ಟೆಗೆ ಬರುವುದು ಅಪರೂಪ. ಎಕರೆಗಟ್ಟಲೆ ಹೊಲವಿದ್ದೂ ಜೋಳ, ತೊಗರಿಗಳನ್ನು ಸಂತೆಯಲ್ಲಿ ಕೊಳ್ಳುವ ಗೃಹಸ್ಥರಿದ್ದಾರೆ. ಇನ್ನೊಂದೆಡೆ 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯು ಹಸಿವನ್ನು ದೂರ ಮಾಡಿದೆ. ಇದು ಉಪಕಾರವೇ, ಅದನ್ನು ಹಳಿಯುವುದು ಉಂಡ ಮನೆಗೆ ಎರಡೆಣಿಸಿದಂತೆ. ದೋಷವಿರುವುದು ಬಳಸುವ ರೀತಿಯಲ್ಲಿ. ಅಕ್ಕಿ ಸುಲಭವಾಗಿ ದೊರೆಯಿತೆಂದು ಮೂರು ಹೊತ್ತೂ ಅನ್ನ, ಅದರ ಮೇಲೆ ಕಾಳಿಲ್ಲದ ತಿಳಿಸಾರು, ಸಂಜೆಗೆ ಅಂಗಡಿಯ ಎಣ್ಣೆತಿಂಡಿ ಎಂದಾದರೆ, ಹೊಟ್ಟೆ ತುಂಬುವುದು, ಮೈ ತುಂಬದು. ಕಾಳು ತುಟ್ಟಿಯೆಂದು ಬಿಟ್ಟವರು ಪೊಟ್ಟಣದ ತಿಂಡಿಗೆ ವಾರವಿಡೀ ತೆತ್ತ ಹಣವನ್ನು ಕೂಡಿಸಿ ನೋಡಿದರೆ ಬೆರಗಾದಾರು.

ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 7-8 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ, ಹುರುಳಿ-ತೊಗರಿಗಳಲ್ಲಿ 20 ಗ್ರಾಮಿಗೂ ಮೇಲ್ಪಟ್ಟು, ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇರುತ್ತದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ. ಕಾಳುಗಳಲ್ಲಿ ಅದು ಹೇರಳ. ರೊಟ್ಟಿಯ ಜೊತೆಗೆ ಕಾಳಿನ ಪಲ್ಯವಿರಲೇಬೇಕೆಂದು ಅಜ್ಜಿಯರು ಹಟ ಹಿಡಿಯುತ್ತಿದ್ದುದನ್ನು ಆಹಾರಶಾಸ್ತ್ರವು ಈಗ ಒಪ್ಪಿದೆಯೆಂದು ಹೇಳಿದರೆ ತಪ್ಪಾಗದು.

ಗಂಡ, ಹೆಂಡತಿ, ಒಬ್ಬ ವೃದ್ಧೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಹೀಗೆ ಐವರಿರುವ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಿನಕ್ಕೆ ಮುಕ್ಕಾಲು ಕೆ.ಜಿ. ಜೋಳದ ಹಿಟ್ಟು, ಅರ್ಧ ಕೆ.ಜಿ. ಅಕ್ಕಿ, ಕಾಲು ಕೆ.ಜಿ. ಕಾಳು-ಬೇಳೆ, ಒಂದು ಹಿಡಿ ಶೇಂಗಾ, ಒಂದರಿಂದ ಒಂದೂವರೆ ಕೆ.ಜಿ. ಸೊಪ್ಪು-ತರಕಾರಿ, ಶಕ್ತ್ಯನುಸಾರ ಹಾಲು-ಮಜ್ಜಿಗೆ ಸಾಕು. ತಿಂಗಳಿಗೆ ಜೋಳ 22-23 ಕೆ.ಜಿ., ಅಕ್ಕಿ 15 ಕೆ.ಜಿ., ಕಾಳು-ಬೇಳೆ ಏಳೂವರೆ ಕೆ.ಜಿ. ಆಗುತ್ತದೆ. ಮೈಮುರಿದು ದುಡಿಯುವವರಿರುವ ಮನೆಯಲ್ಲಿ ಜೋಳದ ಪ್ರಮಾಣವನ್ನು ಏರಿಸಬೇಕು. ಅಕ್ಕಿಯು ಪಡಿತರದಿಂದ ಬಂದರೆ, ಹಾಗೆ ಉಳಿದ ಹಣವು ಕಾಳಿಗೆ ಹೋಗತಕ್ಕದ್ದು. ಇದು ಇಡೀ ಯೋಜನೆಯ ಕೀಲು. ಅಕ್ಕಿಯಲ್ಲಿ ಉಳಿದುದು ಸಕ್ಕರೆಗೂ ಕರಿದ ತಿಂಡಿಗೂ ಹೋದರೆ ಲೆಕ್ಕವು ಕಾಗದದಲ್ಲಿ ಸರಿ, ಮನೆಯಲ್ಲಿ ತಪ್ಪು.

ಕೊಳ್ಳುವ ಕಾಲವನ್ನೂ ಅರಿಯಬೇಕು. ಹಿಂಗಾರಿ ಬಿಳಿಜೋಳವು ಕಣಕ್ಕೆ ಬರುವುದು ಜನವರಿ-ಫೆಬ್ರವರಿಯ ಸುಮಾರಿಗೆ. ತೊಗರಿಯು ಅದಕ್ಕೂ ತುಸು ಮುಂಚೆ. ಆ ಹೊತ್ತಿನಲ್ಲಿ ಒಮ್ಮೆಗೇ ನಾಲ್ಕಾರು ತಿಂಗಳ ಕಾಳನ್ನು ಕೊಂಡು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಮುಚ್ಚಿಟ್ಟರೆ ಆಷಾಢದ ತುಟ್ಟಿಯಿಂದ ಪಾರಾಗಬಹುದು. ಕಾಳನ್ನು ಕೂಡಿಡಬಹುದು, ಹಿಟ್ಟನ್ನು ಕೂಡಿಡಲಾಗದು. ಜೋಳದ ಹಿಟ್ಟು ಹಳತಾದರೆ ಕಹಿಯಾಗಿ ಜಿಗಿ ಕಳೆದುಕೊಳ್ಳುತ್ತದೆ. ರೊಟ್ಟಿ ಬಡಿಯುವಾಗಲೇ ಒಡೆಯುತ್ತದೆ. ಎಂಟು-ಹತ್ತು ದಿನಕ್ಕಾಗುವಷ್ಟನ್ನೇ ಗಿರಣಿಗೆ ಕಳುಹುವುದು ಲೇಸು. ಹೊಲವುಳ್ಳವರಂತೂ ಮೆಕ್ಕೆಜೋಳದ ನಡುವೆ ತೊಗರಿ, ಅಲಸಂದೆ, ಬದುವಿನಲ್ಲಿ ನಾಲ್ಕು ಪುಂಡಿಯ ಗಿಡಗಳನ್ನು ಅಕ್ಕಡಿಯಾಗಿ ಹಾಕಿದರೆ ಸಂತೆಯ ಚೀಲವು ಅಷ್ಟು ಹಗುರವಾಗುತ್ತದೆ. ಹಿತ್ತಲಲ್ಲಿ ಒಂದು ನುಗ್ಗೆಮರ ಇದ್ದ ಮನೆಗೆ ಸೊಪ್ಪಿನ ಚಿಂತೆಯಿಲ್ಲ.

ವಾರದ ಅಡುಗೆಯನ್ನು ಮೊದಲೇ ಯೋಚಿಸುವುದೆಂದರೆ ಪಂಚಾಂಗ ಬರೆದಷ್ಟು ಕಷ್ಟವಲ್ಲ. ಹುರುಳಿಯನ್ನು ಬೇಯಿಸಿದ ದಿನ ಅದರ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಒಂದೇ ಉರಿಯಲ್ಲಿ ಎರಡು ಪದಾರ್ಥ. ಆ ರಾತ್ರಿಯೇ ಮಡಿಕೆಕಾಳನ್ನು ನೆನೆಹಾಕಿದರೆ ಮಾರನೆಯ ದಿನ ಬಟ್ಟೆಯಲ್ಲಿ ಕಟ್ಟಿ, ಮೂರನೆಯ ದಿನ ಮೊಳಕೆಯ ಪಲ್ಯ. ಎಂಟಾಣೆ ಪಾಲು ಕಾಳು ಮೊಳೆತು ರೂಪಾಯಿಯಷ್ಟಾಗುತ್ತದೆ. ನಡುವಣ ದಿನಕ್ಕೆ ತೊಗರಿಬೇಳೆ ಹಾಕಿದ ಮೆಂತ್ಯದ ಸೊಪ್ಪೋ ಪುಂಡಿಯ ಪಲ್ಯವೋ ಇದೆ. ಸಂತೆಯ ಹಿಂದಿನ ದಿನ ಬುಟ್ಟಿ ಬರಿದಾಗಿದ್ದರೆ ಕಡಲೆಹಿಟ್ಟಿನ ಜುಣಕ ಇದ್ದೇ ಇದೆ. ಸೋಮವಾರದಂದು ಮನೆಯಲ್ಲಿ ಗೋದಿಹುಗ್ಗಿ ಬೆಲ್ಲದೊಡನೆ ಆದರೆ ಮಕ್ಕಳು ಅಂಗಡಿಯ ಸಿಹಿಯನ್ನು ಕೇಳರು. ಸೊಪ್ಪಿನ ಮೇಲೆ ನಿಂಬೆಯ ನಾಲ್ಕು ಹನಿ ಹಿಂಡಿದರೆ ಅದರೊಳಗಿನ ಕಬ್ಬಿಣದ ಅಂಶವು ಮೈಗೆ ಚೆನ್ನಾಗಿ ಹತ್ತುತ್ತದೆ. ಉಳಿದ ಅನ್ನವನ್ನು ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಕೆಟ್ಟ ಅನ್ನವು ಮತ್ತೆ ಕಾಯಿಸಿದರೂ ಹೊಟ್ಟೆ ಕೆಡಿಸಬಲ್ಲದು. ಉಳಿಸುವ ಗುಣವಿರುವುದು ರೊಟ್ಟಿಗೆ. ಒಣಗಿಸಿದ ಕಟಿ ರೊಟ್ಟಿಯು ವಾರಗಟ್ಟಲೆ ಕೆಡದು.

ಇಷ್ಟೆಲ್ಲ ಅಳೆದ ಮೇಲೂ ಬಹುತೇಕ ಮನೆಗಳಲ್ಲಿ ಒಂದು ಲೆಕ್ಕ ತಪ್ಪುತ್ತದೆ. ಐವರಿಗೆಂದು ಅಳೆದ ಅಡುಗೆಯಲ್ಲಿ ಗಂಡಸರು ಉಂಡರು, ಮಕ್ಕಳು ಉಂಡರು, ವೃದ್ಧೆಯೂ ಉಂಡಳು. ಕಡೆಗೆ ಅಡುಗೆ ಮಾಡಿದವಳು ಪಾತ್ರೆಯ ತಳದ ಸಾರಿನಲ್ಲಿ ಅರ್ಧ ರೊಟ್ಟಿಯನ್ನು ಅದ್ದಿಕೊಂಡು ಏಳುತ್ತಾಳೆ. ಪಲ್ಯ ಮುಗಿದಿದೆಯೆಂದು ಯಾರಿಗೂ ಹೇಳುವುದಿಲ್ಲ. ತಿಂಗಳ ಕೊನೆಯಲ್ಲಿ ಖರ್ಚು ಉಳಿಯಿತೆಂದು ಯಜಮಾನನು ಸಂತೋಷಪಡುತ್ತಾನೆ. ಆ ಉಳಿತಾಯವು ಯಾರ ತಟ್ಟೆಯಿಂದ ಬಂದಿತೆಂದು ಕೇಳಿದವರಾರು? ಬಸುರಿ-ಬಾಣಂತಿಯರಿರುವ ಮನೆಯಲ್ಲಿಯೂ ಇದು ನಡೆಯುತ್ತದೆ. ಅದರ ಫಲವು ರಕ್ತಹೀನತೆಯಾಗಿ ತಾಯಿಯಲ್ಲಿಯೂ ತೂಕವಿಲ್ಲದ ಕೂಸಾಗಿ ತೊಟ್ಟಿಲಲ್ಲಿಯೂ ಕಾಣುತ್ತದೆ. ಇದನ್ನು ತ್ಯಾಗವೆಂದು ಹೊಗಳುವುದು ಸಲ್ಲದು. ಲಕ್ಕಮ್ಮ-ಮಾರಯ್ಯರ ಮನೆಯಲ್ಲಿ ಪ್ರಸಾದವು ಇಬ್ಬರದೂ ಆಗಿತ್ತು. ತಪ್ಪನ್ನು ತೋರಿಸುವ ಅಧಿಕಾರವೂ ಅವಳಿಗಿತ್ತು, ಕೇಳುವ ವಿನಯವೂ ಅವನಿಗಿತ್ತು. ಅಳೆಯುವವಳ ಪಾಲು ಅಳತೆಯೊಳಗೆ ಇಲ್ಲದಿದ್ದರೆ ಅಳತೆಯೇ ಸುಳ್ಳು. ಒಂದು ಉಪಾಯವುಂಟು: ಬಡಿಸುವ ಮುನ್ನವೇ ಎಲ್ಲರ ತಟ್ಟೆಗಳಿಗೆ, ಅವಳದೂ ಸೇರಿದಂತೆ, ಪಲ್ಯವನ್ನು ಹಂಚಿಟ್ಟು, ಸಾಧ್ಯವಾದಷ್ಟೂ ಒಂದೇ ಪಂಕ್ತಿಯಲ್ಲಿ ಕೂಡುವುದು. ಇದಕ್ಕೆ ಕಾಸು ಖರ್ಚಿಲ್ಲ. ಆದರೂ ಇದನ್ನು ಜಾರಿಗೆ ತರುವುದು ಜೋಳ ಕೊಳ್ಳುವುದಕ್ಕಿಂತ ಕಷ್ಟವೆಂಬುದನ್ನು ಗೃಹಸ್ಥರು ಒಪ್ಪಿಯಾರು.

ಇನ್ನು ಸಾಲದ ಊಟದ ವಿಷಯ. ವರ್ಷವಿಡೀ ಮಿತವಾಗಿ ನಡೆದ ಮನೆಯು ಒಂದು ಮದುವೆಯಲ್ಲಿಯೋ ಜಾತ್ರೆಯ ಬೀಗರೂಟದಲ್ಲಿಯೋ ಬಡ್ಡಿಗೆ ಹಣ ತಂದು ಹತ್ತು ಬಗೆಯ ಭಕ್ಷ್ಯ ಬಡಿಸಿ, ಮುಂದಿನ ಎರಡು ವರ್ಷ ಮಕ್ಕಳ ಹಾಲನ್ನು ಕಡಿಮೆ ಮಾಡುವುದುಂಟು. ಕಾಯಕದಿಂದ ಬಂದುದನ್ನು ನೀಡುವುದು ದಾಸೋಹ. ಸಾಲದಿಂದ ತಂದುದನ್ನು ಮೆರೆಸುವುದಕ್ಕೆ ಶರಣರ ನಿಘಂಟಿನಲ್ಲಿ ಆ ಹೆಸರಿಲ್ಲ.

ಹಾಗಾದರೆ ಅಳೆದು ಅಡುವ ಮನೆಗೆ ಅನಿರೀಕ್ಷಿತವಾಗಿ ಜಂಗಮರೋ ಅತಿಥಿಯೋ ಬಂದರೆ ಗತಿಯೇನು? ಉತ್ತರ ಸುಲಭ. ಅವರ ಪಾಲನ್ನು ಮೊದಲೇ ಅಳತೆಯಲ್ಲಿ ಸೇರಿಸಿರಬೇಕು. ಐವರ ಮನೆಯಲ್ಲಿ ಆರನೆಯ ಪಾಲು ನಿತ್ಯವೂ ಇರಲಿ. ಅದು ಎರಡು ರೊಟ್ಟಿ, ಒಂದು ಸೌಟು ಪಲ್ಯ, ಅಷ್ಟೇ. ಮೇಲೆ ಹೇಳಿದ ಪ್ರಮಾಣದಲ್ಲಿ ದಿನಕ್ಕೆ ಒಂದು ಹಿಡಿ ಹಿಟ್ಟು ಹೆಚ್ಚಾದೀತು. ಯಾರೂ ಬಾರದ ದಿನ ಪಲ್ಯವು ನೆರೆಮನೆಯ ಒಂಟಿ ಮುದುಕಿಗೆ ಹೋಗಲಿ. ರೊಟ್ಟಿಗಳು ಒಣಗಿ ಬುಟ್ಟಿ ಸೇರಲಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯ ಮನೆಗಳಿಂದ ಬಂದು ಸೇರುವ ರೊಟ್ಟಿಯ ರಾಶಿಯು ಹೀಗೆ ಒಂದೊಂದು ಒಲೆಯ ಮೇಲೆ ಬೆಂದುದೇ.

ಮಾಘ-ಫಾಲ್ಗುಣದ ಸುಮಾರಿಗೆ, ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆಂದು ದಾವಣಗೆರೆಯ ಕಡೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಕೊಟ್ಟೂರಿಗೆ ಸಾಗುತ್ತಾರೆ. ಬಿಸಿಲು ಆಗಲೇ ಚುರುಕಾಗಿರುತ್ತದೆ. ಆ ಹೊತ್ತಿಗೆ ಬುಟ್ಟಿಯಲ್ಲಿ ಒಣಗಿದ ರೊಟ್ಟಿಯೂ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿಯೂ ಗಡಿಗೆಯಲ್ಲಿ ಮಜ್ಜಿಗೆಯೂ ಇರುವ ಮನೆಯಾಕೆಯು ದಾರಿಗೆ ಬಂದು ನಿಂತು, ಯಾರ ಬಳಿಯೂ ಸಾಲ ಕೇಳದೆ, ನಡೆದು ಬರುವವರನ್ನು ಕರೆದು ನೀಡಬಲ್ಲಳು.