ಕೊಡಚಾದ್ರಿಗೆ ಹನ್ನೆರಡು ಜನ: ಚಳಿಗಾಲದ ಚಾರಣಕ್ಕೆ ಎಂಟು ಸೂತ್ರಗಳು

ಡಿಸೆಂಬರ್ ಬಂತೆಂದರೆ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೊಬ್ಬರು ಬೆಟ್ಟದ ಫೋಟೊ ಹಾಕಿ ‘ಹೋಗೋಣ್ವಾ?’ ಅನ್ನುತ್ತಾರೆ. ಮಳೆ ನಿಂತಿದೆ, ಇಂಬಳದ ಕಾಟ ಇಳಿದಿದೆ, ಬಿಸಿಲು ಇನ್ನೂ ಚುರುಕಾಗಿಲ್ಲ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಬೆಳಗ್ಗೆ ಕಾಡಿಗೆ ಹೊಕ್ಕ ಹನ್ನೆರಡು ಜನರನ್ನು ಕತ್ತಲಾಗುವ ಮುಂಚೆ ಹನ್ನೆರಡಾಗಿಯೇ ಹೊರಗೆ ತರುವುದು ಬೇರೆಯೇ ವಿದ್ಯೆ. ಎಡವಿ ಎಡವಿ ಕಲಿತದ್ದು ಇಷ್ಟು.

1. ತಿರುಗುವ ಹೊತ್ತನ್ನು ಮೊದಲೇ ಗೊತ್ತುಮಾಡಿ. ತುದಿ ಮುಟ್ಟುವ ಹೊತ್ತಲ್ಲ, ವಾಪಸು ತಿರುಗುವ ಹೊತ್ತು. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು 6 ಗಂಟೆ ದಾಟಿದ ಮೇಲೆ, ನಿಜ. ಆದರೆ ಮರಗಳಡಿ ಐದೂವರೆಗೇ ಕಾಲಡಿಯ ಬೇರು ಕಾಣುವುದಿಲ್ಲ. ನಮ್ಮ ಗುಂಪಿನಲ್ಲಿ ಮಧ್ಯಾಹ್ನ 1 ಗಂಟೆ ಅಂದರೆ 1 ಗಂಟೆಯೇ. ಸರ್ವಜ್ಞ ಪೀಠದ ಕಲ್ಲಿನ ಮಂಟಪ ಕಣ್ಣೆದುರಿಗೆ ಇದ್ದರೂ ತಿರುಗಲೇಬೇಕು. ಇದಕ್ಕಾಗಿ ಬೈಸಿಕೊಂಡಿದ್ದೇನೆ, ಪರವಾಗಿಲ್ಲ.

2. ಲೆಕ್ಕ ಹಾಕಿ, ಆಮೇಲೆ ಅದನ್ನು ನಂಬಬೇಡಿ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 7 ಕಿ.ಮೀ. ಹಾದಿಯಲ್ಲಿ 700 ಮೀಟರ್ ಏರಿದ್ದರೆ ಸುಮಾರು ಎರಡೂವರೆ ಗಂಟೆ ಆಯಿತು. ಆ ಪುಣ್ಯಾತ್ಮ ಸೆಲ್ಫಿ ತೆಗೆಯುವವರನ್ನು ಕಂಡಿರಲಿಲ್ಲ. ನಮ್ಮವರಿಗೆ ನಾಲ್ಕು ಗಂಟೆ ಇಟ್ಟುಕೊಳ್ಳಿ.

3. ಅತಿ ನಿಧಾನದವರು ಎರಡನೆಯವರಾಗಿರಲಿ. ಎಲ್ಲ ಗುಂಪುಗಳೂ ಮಾಡುವ ತಪ್ಪೆಂದರೆ ಅವರನ್ನು ಕೊನೆಗೆ ಬಿಡುವುದು. ಮುಂದಿನವರು ಕೂತು ದಣಿವಾರಿಸಿಕೊಂಡು, ಹಿಂದಿನವರು ಏದುಸಿರು ಬಿಡುತ್ತ ಬಂದು ಮುಟ್ಟುವಷ್ಟರಲ್ಲಿ ‘ಸರಿ, ಹೊರಡೋಣ’ ಅನ್ನುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ. ಅವರನ್ನು ದಾರಿ ಗೊತ್ತಿರುವವರ ಬೆನ್ನಿಗೇ ನಡೆಸಿ, ಇಡೀ ಗುಂಪಿನ ವೇಗ ತಾನಾಗಿ ಹದಕ್ಕೆ ಬರುತ್ತದೆ. ಬಾಲಕ್ಕೆ ಅನುಭವಸ್ಥರೊಬ್ಬರಿರಲಿ. ಅವರನ್ನು ದಾಟಿ ಹಿಂದೆ ಯಾರೂ ಉಳಿಯಕೂಡದು.

ಕವಲು ಸಿಕ್ಕಲ್ಲೆಲ್ಲ ಬಾಲ ಕಣ್ಣಿಗೆ ಬೀಳುವ ತನಕ ಮುಂದಿನವರು ನಿಲ್ಲಬೇಕು. ಒಂದು ವರ್ಷ ಇದನ್ನು ಸಡಿಲ ಬಿಟ್ಟೆ. ಇಬ್ಬರು ಹುಡುಗರು ದನ ಓಡಾಡಿದ ಜಾಡನ್ನೇ ದಾರಿ ಅಂದುಕೊಂಡು ಇಳಿದುಬಿಟ್ಟರು. ಮೊಬೈಲಿಗೆ ಸಿಗ್ನಲ್ ಇಲ್ಲ. ಮುಕ್ಕಾಲು ಗಂಟೆ ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಹಳ್ಳದ ಕಡೆಯಿಂದ ಸೀಟಿ ಕೇಳಿಸಿತು. ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಸೀಟಿ! ಅಂದಿನಿಂದ ಎಲ್ಲರ ಕೊರಳಲ್ಲೂ ಒಂದೊಂದು.

4. ಅನುಮತಿ ಕೇಳಿಕೊಂಡೇ ಹೊರಡಿ. ಇದು ಅಭಯಾರಣ್ಯ. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಅರಣ್ಯ ಇಲಾಖೆಯವರಿಂದಲೇ ತಿಳಿದುಕೊಳ್ಳಿ, ಹಳೆಯ ವಿಡಿಯೊ ನೋಡಿಕೊಂಡಲ್ಲ.

5. ಬುತ್ತಿ ಒಣಗಿರಲಿ, ನೀರು ಧಾರಾಳವಾಗಿರಲಿ. ತಂಪು ಹವೆಯಲ್ಲಿ ಬಾಯಾರಿದ್ದೇ ಗೊತ್ತಾಗುವುದಿಲ್ಲ, ಮೀನಖಂಡ ಹಿಡಿದುಕೊಂಡಾಗಲೇ ಗೊತ್ತಾಗುವುದು. ತಲೆಗೆ 3 ಲೀಟರ್. ಚಪಾತಿ, ಚಟ್ನಿಪುಡಿ, ಕಿತ್ತಳೆ ಸಾಕು. ಸಾಂಬಾರಿನ ಡಬ್ಬ ತಂದ ಮಿತ್ರರೊಬ್ಬರ ಬ್ಯಾಗು ಆಮೇಲೆ ಎರಡು ಒಗೆತ ಕಂಡರೂ ಇಂಗಿನ ವಾಸನೆ ಬಿಡಲಿಲ್ಲ.

6. ಇಳಿಜಾರಿಗೆ ಮರ್ಯಾದೆ ಕೊಡಿ. ಮಳೆಗಾಲದಲ್ಲಿ ಕೆಸರು ಜಾರುತ್ತದೆಂದು ಎಲ್ಲರಿಗೂ ಗೊತ್ತು. ಚಳಿಗಾಲದ ದರಗು ಅದಕ್ಕಿಂತ ಮೋಸಗಾರ, ಒಣ ಎಲೆಯ ಕೆಳಗೆ ಉರುಟು ಕಲ್ಲು ಅಡಗಿರುತ್ತದೆ. ಮಂಡಿ ಮಾತಾಡತೊಡಗಿದವರಿಗೆ ಇಲ್ಲೊಂದು ಅನುಕೂಲವಿದೆ: ಮೂಲ ಮೂಕಾಂಬಿಕೆಯ ಸನ್ನಿಧಿಯವರೆಗೆ ಜೀಪುಗಳು ಬರುತ್ತವೆ. ಕಾಲಲ್ಲಿ ಹತ್ತಿ ಜೀಪಿನಲ್ಲಿ ಇಳಿದರೆ ಮಾನವೇನೂ ಹೋಗುವುದಿಲ್ಲ. ಹಾಗೆಂದು ಆ ಜೀಪು ಸುಖಾಸನ ಅಂದುಕೊಳ್ಳಬೇಡಿ. ಸೊಂಟ ನೋವಿನವರಿಗೆ ನಡಿಗೆಯೇ ಲೇಸು.

7. ಸ್ಪೀಕರ್ ಮನೆಯಲ್ಲಿ, ಬೆಂಕಿಪೊಟ್ಟಣವೂ ಮನೆಯಲ್ಲಿ. ಬೆಟ್ಟದ ನೆತ್ತಿಯ ಹುಲ್ಲು ಒಣಗಲು ಶುರುವಾಗಿರುತ್ತದೆ, ಒಂದು ಬೀಡಿ ತುಂಡು ಸಾಕು. ಕಾಟಿ ಎದುರಾದರೆ ಫೋನ್ ತೆಗೆಯಬೇಡಿ. ನಿಂತು, ಸದ್ದಿಲ್ಲದೆ ಹಿಂದೆ ಸರಿದು, ಅದಕ್ಕೆ ದಾರಿ ಬಿಡಿ.

8. ಉಣುಗಿನ ಭಯ ಇರಲಿ. ಚಳಿಗಾಲ ಹಿತವೆಂದು ಅರ್ಧ ಚಡ್ಡಿಯಲ್ಲಿ ಬರುವವರಿಗೆ ಇದನ್ನು ಹೇಳಲೇಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಎಳ್ಳಿನಷ್ಟು ಸಣ್ಣವು. ಅವು ಹೆಚ್ಚುವುದು ಸರಿಯಾಗಿ ನಾವು ಚಾರಣಕ್ಕೆ ಹೊರಡುವ ಹೊತ್ತಿಗೇ, ಡಿಸೆಂಬರಿನಿಂದ ಬೇಸಿಗೆಯವರೆಗೆ. ತುಂಬುತೋಳಿನ ತಿಳಿಬಣ್ಣದ ಅಂಗಿ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿ. ನೋಡಲು ಪೆದ್ದಾಗಿ ಕಾಣುತ್ತದೆ, ಕಾಣಲಿ. ಮಲೆನಾಡಿನ ಆರೋಗ್ಯ ಕೇಂದ್ರಗಳಲ್ಲಿ ಕಾಡಿಗೆ ಹೋಗುವವರಿಗೆಂದೇ ಡೆಪಾ ಎಣ್ಣೆ ಕೊಡುತ್ತಾರೆ, ಸಿಕ್ಕರೆ ಹಚ್ಚಿಕೊಳ್ಳಿ. ದರಗಿನ ಮೇಲೆ ಬೆನ್ನು ಚಾಚಿ ಮಲಗಬೇಡಿ, ಬಂಡೆ ಹುಡುಕಿ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ರಾತ್ರಿ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯದೆ ನೇರ ಬಿಸಿನೀರಿಗೆ ಹಾಕಿ. ಸ್ನಾನ ಮಾಡುವಾಗ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಮಡಿಕೆಯಲ್ಲಿ ಬೆರಳಾಡಿಸಿ ನೋಡಿ. ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಬರೀ ಜ್ವರ ಅನ್ನಬೇಡಿ, ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ. ಮಂಗಳವಾರದ ಹೊತ್ತಿಗೆ ಹನ್ನೊಂದು ಜನರಿಗೂ ನಾನೇ ಫೋನ್ ಮಾಡಿ ಕೇಳುತ್ತೇನೆ. ಎಂಟು ಮಂದಿಯಾದರೂ ಮಂಡಿ ನೋವಿನ ಕಥೆ ಮುಗಿಸಿಯೇ ಫೋನ್ ಇಡುವುದು.