ಕ್ಯಾಮೆರಾಗಿಂತ ಮೊದಲು ಕೇಬಲ್ ನೋಡಿ

ಕ್ಯಾಮೆರಾ ಹಳತಾದರೆ ಬಿಚ್ಚಿ ಬೇರೆ ಹಾಕಬಹುದು. ಗೋಡೆಯೊಳಗೆ ಹೋದ ಕೇಬಲ್ ಹಾಗಲ್ಲ. ಆದರೂ ಅಂಗಡಿಗೆ ಹೋದವರು ಮೆಗಾಪಿಕ್ಸೆಲ್ ಎಷ್ಟೆಂದು ಕೇಳುತ್ತಾರೆ, ಕೇಬಲ್ ಯಾವುದೆಂದು ಕೇಳುವುದಿಲ್ಲ. ಮನೆಗೆ ಸಿಸಿ ಕ್ಯಾಮೆರಾ ಹಾಕಿಸುವ ಮುನ್ನ ಇಷ್ಟು ತಿಳಿದಿರಲಿ.

1. ಚಿತ್ರ ದಾಖಲಿಸುವ ರೆಕಾರ್ಡರ್ ಆಗಿ ಡಿವಿಆರ್ ಬೇಕೋ ಎನ್‌ವಿಆರ್ ಬೇಕೋ, ಮೊದಲು ತೀರ್ಮಾನಿಸಿ. ಡಿವಿಆರ್‌ಗೆ 'ತ್ರೀ ಪ್ಲಸ್ ಒನ್' ಕೇಬಲ್, ಬಿಎನ್‌ಸಿ ಕನೆಕ್ಟರ್. ಎನ್‌ವಿಆರ್‌ಗೆ ಕ್ಯಾಟ್-6, ಆರ್‌ಜೆ-45. ಹೊಸ ಮನೆ ಕಟ್ಟಿಸುತ್ತಿದ್ದರೆ ಕ್ಯಾಟ್-6 ಎಳೆಸಿ. ಪಿಒಇ ಸ್ವಿಚ್ ಇದ್ದರೆ ಚಿತ್ರವೂ ವಿದ್ಯುತ್ತೂ ಒಂದೇ ಕೇಬಲಿನಲ್ಲಿ ಸಾಗುತ್ತವೆ.

2. ತಾಮ್ರ ಅಪ್ಪಟವೇ ಎಂದು ಪರೀಕ್ಷಿಸಿ. ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಇಲ್ಲಿಯೇ. ಅಗ್ಗದ ಕೇಬಲಿನಲ್ಲಿ ಅಲ್ಯೂಮಿನಿಯಂ ತಂತಿಗೆ ತೆಳುವಾಗಿ ತಾಮ್ರ ಲೇಪಿಸಿರುತ್ತಾರೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಕೆಂಪಿನ ಕೆಳಗೆ ಬಿಳುಪು ಕಂಡರೆ ಆ ಕೇಬಲ್ ಬೇಡ. ಕಾರಣ ಲೆಕ್ಕದಲ್ಲಿದೆ: 12 ವೋಲ್ಟ್, ಅರ್ಧ ಆಂಪಿಯರ್ ಎಳೆಯುವ ಕ್ಯಾಮೆರಾ 50 ಮೀಟರ್ ದೂರದಲ್ಲಿದ್ದರೆ, 0.5 ಚದರ ಮಿಲಿಮೀಟರ್ ದಪ್ಪದ ಅಪ್ಪಟ ತಾಮ್ರದಲ್ಲೂ ಸುಮಾರು 1.8 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಲೇಪನದ ತಂತಿಯಲ್ಲಿ ಈ ನಷ್ಟ ಎರಡೂವರೆ ವೋಲ್ಟ್ ದಾಟುತ್ತದೆ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಕರೆಂಟು ಹೆಚ್ಚು ಬೇಡುತ್ತವೆ. ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ರಾತ್ರಿ, ಅಂದರೆ ಅದು ಬೇಕಾದ ಹೊತ್ತಿಗೇ, ಕಣ್ಣು ಮುಚ್ಚುವುದು ಹೀಗೆ. ಜನ ಕ್ಯಾಮೆರಾವನ್ನು ಬೈದು ಅದನ್ನೇ ಬದಲಿಸುತ್ತಾರೆ, ಪಾಪ.

3. ಕ್ಯಾಟ್-6ಕ್ಕೆ 100 ಮೀಟರ್ ಮಿತಿ. ಅಡಿಕೆ ತೋಟದ ಗೇಟಿನಷ್ಟು ದೂರ ಹೋಗಬೇಕಾದರೆ ಫೈಬರ್ ಒಳ್ಳೆಯದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯದು, ಹಾಗಾಗಿ ಗೇಟಿನ ಬಳಿ ಸಿಡಿಲು ಬಡಿದರೆ ಆ ಎಳೆಯ ಮೂಲಕ ಮನೆಯ ರೆಕಾರ್ಡರ್‌ವರೆಗೆ ಬರುವುದಿಲ್ಲ. ಲೋಹದ ಕವಚವಿಲ್ಲದ ಫೈಬರನ್ನೇ ಕೇಳಿ, ಕ್ಯಾಮೆರಾಗೆ ವಿದ್ಯುತ್ತು ಗೇಟಿನ ಬಳಿಯೇ ಕೊಡಿಸಿ.

4. ಕನೆಕ್ಟರಿನಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಬೇಡಿ. ಸ್ಕ್ರೂ ತಿರುಗಿಸುವ ಬಿಎನ್‌ಸಿ ಕಾಲಕ್ರಮೇಣ ಸಡಿಲವಾಗುತ್ತದೆ, ಕ್ರಿಂಪ್ ಮಾಡಿದ್ದು ಗಟ್ಟಿ. ಆರ್‌ಜೆ-45ರಲ್ಲಿ ಎರಡೂ ತುದಿಗೆ ಬಣ್ಣಗಳ ಕ್ರಮ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

5. ಹೊರಗಿನ ಜೋಡಣೆಗಳೆಲ್ಲ ಜಂಕ್ಷನ್ ಬಾಕ್ಸಿನೊಳಗಿರಲಿ, ಬರಿ ಟೇಪು ಸುತ್ತಿ ಬಿಟ್ಟರೆ ಸಾಲದು. ಕರಾವಳಿಯ ಉಪ್ಪುಗಾಳಿಗೆ ತಾಮ್ರ ಬಹುಬೇಗ ಹಸಿರುಗಟ್ಟುತ್ತದೆ. ಕೇಬಲ್ ಬಾಕ್ಸಿಗೆ ಕೆಳಗಿನಿಂದ ಬರಲಿ, ಬರುವ ಮೊದಲು ಒಮ್ಮೆ ಕೆಳಕ್ಕೆ ಬಾಗಿರಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

6. ಮನೆಯ ಕರೆಂಟು ವೈರಿನ ಪೈಪಿನಲ್ಲೇ ಕ್ಯಾಮೆರಾ ಕೇಬಲ್ ತೂರಿಸಲು ಬಿಡಬೇಡಿ.

7. ಪ್ಲಾಸ್ಟರಿಂಗ್‌ಗೆ ಮೊದಲು ಪ್ರತಿ ಕೇಬಲಿಗೂ ಕ್ಯಾಮೆರಾ ಜೋಡಿಸಿ ನೋಡಿ. ದಯವಿಟ್ಟು ಆ ಪರೀಕ್ಷೆಯನ್ನು ಕತ್ತಲಾದ ಮೇಲೆ ಮಾಡಿಸಿ.